ನೀಲಿ ಕೋಟು ತೊಟ್ಟವಳು

ಭಾನುವಾರ, ಬೆಳಗ್ಗೆ
ಬೇಕರಿಯ ಹಿಂದಿನ ಕೋಣೆಯಿಂದ

ಅಕ್ಕಾ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿದ್ದೀಯ ಎಂದು ಈ ಊರಿನ ಅರ್ಧ ಬಸ್ಸುಗಳ ಬೆನ್ನ ಮೇಲೆ ಬರೆದಿದೆ. ಎಡಕ್ಕೆ ‘ಅಂದು’ ಎಂದು, ನೀಲಿ ಕೋಟು ತೊಟ್ಟು ಕೈಚೀಲ ಅವುಚಿಕೊಂಡ ದಪ್ಪ ಹೆಂಗಸು. ಬಲಕ್ಕೆ ‘ಇಂದು’ ಎಂದು, ಓಟದ ಶೂ ಹಾಕಿಕೊಂಡು ಸೊಂಟಕ್ಕೆ ಕೈಯಿಟ್ಟ ನೀನು. ಕೆಳಗೆ ನಿನ್ನ ತೂಕ ಇಳಿಸುವ ಕೇಂದ್ರದ ಘೋಷಣೆ: ಜೀನ್ ಹೇಳಿದಂತೆ ಉಣ್ಣಿ, ಜೀನ್ ಹೇಳಿದಂತೆ ಓಡಿ. ಆ ದಪ್ಪ ಹೆಂಗಸು ನೀನಲ್ಲ, ನಿನ್ನ ಅವಳಿ ತಂಗಿಯಾದ ನಾನು. ಅದು ನಿನಗೂ ಗೊತ್ತು, ನನಗೂ ಗೊತ್ತು. ಇವತ್ತು ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ. ಮೊದಲೇ ತಿಳಿಸಿಬಿಡೋಣ ಎಂದು ಈ ಪತ್ರ.

ಇದನ್ನು ತಂದುಕೊಟ್ಟವರು ನಮ್ಮ ಬೇಕರಿಯ ವ್ಯಾನ್ ಡ್ರೈವರ್. ನಿನ್ನ ಕೇಂದ್ರದ ವಾರ್ಷಿಕೋತ್ಸವ ನಡೆಯುವ ಸಭಾಂಗಣದ ಹಿಂಬಾಗಿಲಿಗೆ ಹೋಗಿ, ನೀನು ಮೇಕಪ್ಪಿಗೆ ಕೂತಿರುವಾಗ ಕೊಡಿ ಎಂದು ಹೇಳಿದ್ದೇನೆ. ಮುಂಚೆಯೇ ಕೊಟ್ಟರೆ ನೀನು ಜ್ವರವೆಂದು ಮುಸುಕು ಹಾಕಿಕೊಂಡು ಮಲಗಿಬಿಡುತ್ತೀಯ. ಪರೀಕ್ಷೆಯ ದಿನ ನಿನಗೆ ಬರುತ್ತಿದ್ದ ಆ ಜ್ವರ ನನಗೆ ಚೆನ್ನಾಗಿ ನೆನಪಿದೆ.

ಫೋಟೋ ಕದ್ದದ್ದಕ್ಕೆ ಈ ಸೇಡು ಎಂದು ತಿಳಿಯಬೇಡ. ಅಮ್ಮ ಹೋದ ಮೇಲೆ ನೀನು ಅವಳ ಆಲ್ಬಂ ನೋಡಿ ಕೊಡುತ್ತೇನೆ ಎಂದು ಒಯ್ದೆ. ವಾಪಸ್ ಬಂದಾಗ ಒಂದು ಹಾಳೆಯಲ್ಲಿ ಅಂಟಿನ ಕಲೆ ಮಾತ್ರ ಉಳಿದಿತ್ತು. ಸ್ವಲ್ಪ ದಿನಕ್ಕೆ ನಾನು ಬಸ್ಸಿನ ಬೆನ್ನೇರಿದೆ. ಮನೆಯಲ್ಲಿ ಇವರು ಸಿಟ್ಟಿನಿಂದ ಕುಣಿದಾಡಿದರು. ನಾನೇ ಸಮಾಧಾನ ಮಾಡಿದೆ. ಸದಾ ಒಲೆಯ ಮುಂದೆ ನಿಂತಿರುವ ನನ್ನ ಮುಖ ಹೀಗಾದರೂ ಊರು ಸುತ್ತಲಿ ಬಿಡಿ ಎಂದೆ. ಗಿರಾಕಿಗಳು ಬ್ರೆಡ್ ಕಟ್ಟಿಸಿಕೊಳ್ಳುತ್ತಾ, ಬಸ್ಸಿನ ಮೇಲಿನ ಮೇಡಂ ಮೊದಲು ಥೇಟ್ ನಿಮ್ಮ ಹಾಗೇ ಇದ್ದರಂತಲ್ಲ ಎಂದರೆ, ಹೌದಂತೆ ಎಂದು ಚಿಲ್ಲರೆ ಕೊಟ್ಟು ಕಳಿಸುತ್ತಿದ್ದೆ. ಒಡಹುಟ್ಟಿದವಳ ಹೊಟ್ಟೆಪಾಡು, ನಡೆಯಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಆದರೆ ನೀನು ಮರಿಯ ತಟ್ಟೆಗೆ ಕೈ ಹಾಕಿದೆ.

ದೊಡ್ಡಮ್ಮನ ಮನೆಗೆ ಹೋಗುತ್ತೇನೆ ಎಂದು ಹೋದ ರಜೆಯಲ್ಲಿ ನನ್ನ ಮಗಳು ಎಷ್ಟು ಕುಣಿದಳು. ಹದಿನಾಲ್ಕು ತುಂಬಿತೆಂದು ನೀನು ಅವಳಿಗೆ ಹೊಸ ಶೂ ಕೊಡಿಸಿದೆ. ಜೊತೆಗೆ, ದೊಡ್ಡ ಉಡುಗೊರೆ ಎನ್ನುವಂತೆ, ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಜೀನ್ ಪರೀಕ್ಷೆ ಮಾಡಿಸಿದೆ. ಮನೆಗೆ ಬಂದವಳ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ. ಬ್ರೆಡ್ ಬೇಡ, ಅನ್ನ ಬೇಡ, ಆಲೂಗಡ್ಡೆ ಬೇಡ, ಕತ್ತಲಾದ ಮೇಲೆ ನೀರು ಬಿಟ್ಟು ಬೇರೇನೂ ಬೇಡ, ಬೆಳಗ್ಗೆ ಸಂಜೆ ತಪ್ಪದೆ ಸ್ಕಿಪ್ಪಿಂಗ್. ಅದನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಳು. ಬೆಳೆಯುವ ಹುಡುಗಿ, ಸ್ವಲ್ಪ ಕುಣಿದಾಡಿದರೆ ಒಳ್ಳೆಯದೇ ಎಂದು ಮೊದಮೊದಲು ನಾನೂ ಹೂಂ ಅಂದೆ. ಆಮೇಲೊಂದು ದಿನ ಹಾಸಿಗೆ ಬಟ್ಟೆ ಬದಲಿಸುವಾಗ ದಿಂಬಿನ ಚೀಲದೊಳಗೆ ಕಲ್ಲಿನಂತೆ ಒಣಗಿದ ಬನ್ನುಗಳು ಸಿಕ್ಕವು. ನಾನು ಶಾಲೆಯ ಡಬ್ಬಿಗೆ ಹಾಕಿ ಕಳಿಸಿದ್ದವು. ಬೇಕರಿಯವಳ ಮಗಳು ಬನ್ನನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟಿದ್ದಳು.

ಕೇಳಿದರೆ ಹಸಿವಿಲ್ಲ ಎಂದಳು. ಅದರ ಮರುವಾರವೇ ಶಾಲೆಯ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಮುಂದಿನ ಹಲ್ಲು ಅರ್ಧಕ್ಕೆ ಮುರಿದಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದರು. ಕಣ್ಣು ಬಿಟ್ಟವಳು ನೋವೆಂದು ಹೇಳಲಿಲ್ಲ, ನೀರು ಕೇಳಲಿಲ್ಲ. ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯನ್ನೇ ನೋಡುತ್ತಾ ಕೇಳಿದಳು:

“ಅಮ್ಮಾ, ಅದರಲ್ಲಿ ಸಕ್ಕರೆ ಇದೆಯಂತೆ. ನಾನು ನಿನ್ನ ಥರ ಆಗಿಬಿಡಲ್ಲ ಅಲ್ವಾ?”

ಹಾಗೆಂದು ನಿನಗೆ ಯಾರು ಹೇಳಿದರು ಎಂದು ಕೇಳಿದೆ. ಅವಳು ನಿನ್ನ ಮಾತನ್ನು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದಳು. “ನಿನಗೆ ಬಂದಿರೋದು ನಿಮ್ಮಮ್ಮನ ಮೈ. ಈಗಲೇ ಬಾಯಿ ಕಟ್ಟದೇ ಹೋದ್ರೆ ನೀನೂ ಅವಳೇ ಆಗ್ತೀಯ.” ಆ ಹೊತ್ತಿನಲ್ಲಿ ನೀನು ನನ್ನ ಕೈಗೆ ಸಿಕ್ಕಿದ್ದರೆ ಇವತ್ತು ಈ ಪತ್ರವನ್ನು ಜೈಲಿನಿಂದ ಬರೆಯುತ್ತಿದ್ದೆ. ಸಿಗಲಿಲ್ಲ. ಮನೆಗೆ ಬಂದು ಹಿಟ್ಟು ನಾದಿದೆ. ಎಷ್ಟು ನಾದಿದೆನೆಂದರೆ ಇವರು ಬಂದು ನನ್ನ ಕೈ ಹಿಡಿದು ನಿಲ್ಲಿಸಿದರು. ಆ ದಿನದ ಬ್ರೆಡ್ಡನ್ನು ಗಿರಾಕಿಗಳು ಹೊಗಳಿ ಹೊಗಳಿ ತಿಂದರು.

ಮಕ್ಕಳ ವಾರ್ಡಿನ ಡಾಕ್ಟರಮ್ಮನಿಗೆ ನಿನ್ನ ಹಾಳೆ ತೋರಿಸಿದೆ. ಇಂಥ ಪರೀಕ್ಷೆಗಳಿಂದ ಒಂದಿಷ್ಟು ತಿಳಿಯುವುದು ನಿಜ, ಯಾರಿಗೆ ಹಾಲು ಅರಗುವುದಿಲ್ಲ ಎಂಬಂಥದ್ದು. ಆದರೆ ಬೆಳೆಯುವ ಮಗುವಿನ ಊಟ ಕಿತ್ತುಕೊಳ್ಳಿ ಎಂದು ಯಾವ ಜೀನೂ ಹೇಳುವುದಿಲ್ಲ ಎಂದರು. ಇದನ್ನು ಬರೆದುಕೊಟ್ಟವರು ಯಾರು ಎಂದು ಕೇಳಿದರು. ನನ್ನ ಅಕ್ಕ, ಅವಳಿ ಎಂದೆ. ಅವರು ಪೆನ್ನು ಕೆಳಗಿಟ್ಟು ಒಂದೇ ಥರದ ಅವಳಿಗಳಾ ಎಂದು ವಿಚಾರಿಸಿದರು. ಅಮ್ಮನಿಗೆ ಕಿಡ್ನಿ ಕೊಡಲು ನಾವಿಬ್ಬರೂ ಪರೀಕ್ಷೆ ಮಾಡಿಸಿಕೊಂಡದ್ದು ನೆನಪಿದೆಯಲ್ಲ. ಯಾರು ಕೊಟ್ಟರೂ ಒಂದೇ, ನೀವಿಬ್ಬರೂ ಒಂದೇ ಅಚ್ಚು ಎಂದು ಅಲ್ಲಿ ಹೇಳಿದ್ದರಲ್ಲ. ಅದನ್ನೇ ಹೇಳಿದೆ. ಡಾಕ್ಟರಮ್ಮ ನಕ್ಕುಬಿಟ್ಟರು.

“ಹಾಗಾದ್ರೆ ನಿಮ್ಮ ಅಕ್ಕ ಬೈದಿರೋದು ತಮ್ಮ ಜೀನನ್ನೇ. ಜೀನ್ ಲೆಕ್ಕದಲ್ಲಿ ಈ ಹುಡುಗಿ ನಿಮಗೆಷ್ಟು ಮಗಳೋ ಅವರಿಗೂ ಅಷ್ಟೇ ಮಗಳು.”

ಇದನ್ನು ಇನ್ನೊಮ್ಮೆ ಓದು ಅಕ್ಕಾ. ಮಕ್ಕಳಾಗಲಿಲ್ಲ ಎಂದು ನೀನು ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಅಷ್ಟು ಅತ್ತವಳು ನಿನ್ನ ಮಗಳೆನ್ನಬಹುದಾದವಳನ್ನೇ ಹಸಿವಿನಿಂದ ಕೆಡವಿದೆ. ನಿನಗೆ ನೋವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಬೇರೆ ಯಾವ ಒಳ್ಳೆಯ ಉದ್ದೇಶವೂ ನನಗಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೂ ಅವಳು ಹಾಳೆ ಕಿತ್ತು ಹಾಕಲಿಲ್ಲ. ಇವರು ಗದರಿದರು, ನಾನು ಬೇಡಿಕೊಂಡೆ. ದೊಡ್ಡಮ್ಮ ಸುಳ್ಳು ಹೇಳುತ್ತಾರಾ, ನೀನೇ ಹೊಟ್ಟೆಕಿಚ್ಚಿಗೆ ಹೀಗೆ ಹೇಳುತ್ತಿದ್ದೀಯ ಎಂದಳು. ಗಂಜಿಯನ್ನು ಚಮಚದಲ್ಲಿ ತಿರುವುತ್ತಾ ಕೂರುತ್ತಿದ್ದಳೇ ಹೊರತು ಬಾಯಿಗಿಡುತ್ತಿರಲಿಲ್ಲ. ಹೀಗೇ ಬಿಟ್ಟರೆ ಮಗಳು ನನಗೆ ದಕ್ಕುವುದಿಲ್ಲ ಎಂದು ಹೆದರಿಕೆ ಹತ್ತಿತು. ನಿನ್ನ ಮಾತನ್ನು ಮುರಿಯಲು ನಿನ್ನ ಮಾತೇ ಬೇಕಾಗಿತ್ತು.

ಅದಕ್ಕೇ ಊರಿನ ಆಚೆ ತುದಿಯಲ್ಲಿರುವ ನಿನ್ನ ಹೊಸ ಶಾಖೆಗೆ ಹೋದೆ. ಅಮ್ಮ ನಮ್ಮಿಬ್ಬರನ್ನೂ ಕರೆಯುತ್ತಿದ್ದ ಮುದ್ದಿನ ಹೆಸರನ್ನೇ ಬರೆಸಿದೆ. ಮೇಜಿನ ಹಿಂದಿದ್ದ ಸಲಹೆಗಾರ್ತಿ ನನ್ನನ್ನು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಕ್ಕಾ, ನಿನಗೊಬ್ಬಳು ತಂಗಿಯಿದ್ದಾಳೆ ಎಂಬುದನ್ನು ನೀನು ನಿನ್ನ ಕೆಲಸದವರಿಗೂ ಹೇಳಿಲ್ಲ. ನಿನ್ನ ದೊಡ್ಡ ತಪ್ಪು ಅದೇ. “ಅಯ್ಯೋ, ನಮ್ಮ ಮೇಡಂ ಹಳೇ ಫೋಟೋ ಥರಾನೇ ಇದ್ದೀರಲ್ಲ! ಹೆದರಬೇಡಿ, ನೀವೂ ಅವರ ಥರ ಆಗಬಹುದು” ಎಂದು ನನ್ನ ಕೈ ಹಿಡಿದುಕೊಂಡಳು. ಪಾಪ, ಒಳ್ಳೆಯ ಹುಡುಗಿ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ತೂಕ ಬರೆದುಕೊಂಡಳು, ಕೂತು ಮಾಡುವ ಕೆಲಸವೋ ನಿಂತು ಮಾಡುವುದೋ, ಸಿಹಿ ಇಷ್ಟವೋ ಎಂದೆಲ್ಲ ಕೇಳಿದಳು. ಕೊನೆಗೆ ಹತ್ತಿಕಡ್ಡಿ.

ನನ್ನ ವರದಿ ಬಂದಿದೆ. ನನ್ನ ಮೈಗೆ ಓಟ ಹಿಡಿಸುವುದಿಲ್ಲವಂತೆ, ನಿಧಾನ ನಡಿಗೆಯೇ ಗತಿಯಂತೆ. ಅನ್ನ ಮುಟ್ಟಬಾರದಂತೆ. ಹಾಲು ಧಾರಾಳವಾಗಿ ಕುಡಿಯಬಹುದಂತೆ. ನಿನ್ನ ವರದಿಯನ್ನು ನೀನೇ ಚೌಕಟ್ಟು ಹಾಕಿಸಿ ಪ್ರತಿ ಶಾಖೆಯ ಗೋಡೆಗೂ ನೇತುಹಾಕಿದ್ದೀಯಲ್ಲ, ಅದರ ಕೆಳಗೇ ಕೂತು ಓದಿದೆ, ಫೋನಿನಲ್ಲಿ ಹಿಡಿದು ಒಂದು ಪ್ರತಿ ತೆಗೆಸಿಕೊಂಡೆ. ನಿನ್ನದು ಹುಟ್ಟು ಓಟಗಾರ್ತಿಯ ಮೈ, ಅನ್ನ ಚೆನ್ನಾಗಿ ಒಗ್ಗುತ್ತದೆ, ಹಾಲು ಮಾತ್ರ ಆಗದು. ಒಂದೇ ಅಚ್ಚಿನ ಇಬ್ಬರಿಗೆ ಒಂದೇ ಕೇಂದ್ರ ಕೊಟ್ಟ ಎರಡು ಮಾತು. ಹಾಗಾದರೆ ನಮ್ಮ ಉಗುಳು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳುವುದಿಲ್ಲ. ಕೇಳಬೇಕಾದವರು ಸಂಜೆ ಸಭಾಂಗಣದ ತುಂಬ ಕೂತಿರುತ್ತಾರೆ, ಅವರೇ ಕೇಳಲಿ.

ಎರಡನ್ನೂ ಮರಿಯ ಮುಂದಿಟ್ಟೆ. ಓದಿದಳು. ಹಾಳೆಯನ್ನು ಗೋಡೆಯಿಂದ ಬಿಡಿಸಿ ಮೇಜಿನ ಮೇಲೆ ಬೋರಲು ಹಾಕಿದಳು. ಊಟ ಮಾತ್ರ ಇನ್ನೂ ಮಾಡುತ್ತಿರಲಿಲ್ಲ.

ನಿನಗೆ ಇನ್ನೊಂದು ವಿಷಯ ನೆನಪಿಸಬೇಕು. ನಾವು ಕೂಸುಗಳಾಗಿದ್ದಾಗ ಗುರುತಿಗೆಂದು ಅಮ್ಮ ನಿನ್ನ ಕೈಗೆ ಉಣ್ಣೆ ದಾರ ಕಟ್ಟುತ್ತಿದ್ದಳು. ಒಮ್ಮೆ ಸ್ನಾನದಲ್ಲಿ ದಾರ ಕಳಚಿಹೋಯಿತು. ಒಬ್ಬಳಿಗೆ ಎರಡು ಸಲ ಹಾಲು ಕುಡಿಸಿ, ಇನ್ನೊಬ್ಬಳು ಅತ್ತೂ ಅತ್ತೂ ನೀಲಿಗಟ್ಟಿದ ಮೇಲೆ ಅಮ್ಮನಿಗೆ ತಿಳಿಯಿತು. ಈ ಕಥೆಯನ್ನು ನೀನು ಜೀವಮಾನವೆಲ್ಲ ನನ್ನ ತಲೆಗೆ ಕಟ್ಟಿದೆ. ಮದುವೆ ಮನೆಗಳಲ್ಲಿ, ನೆಂಟರ ಮುಂದೆ, ಇವಳು ಅವತ್ತಿನಿಂದ ನನ್ನ ಪಾಲನ್ನೂ ತಿನ್ನುತ್ತಿದ್ದಾಳೆ ಎಂದು ಹೇಳಿ ನಗಿಸಿದೆ. ನಾನೂ ನಕ್ಕೆ, ದಪ್ಪಗಿರುವವರು ನಗಬೇಕಲ್ಲ. ಆದರೆ ದಾರ ಕಳಚಿದ ಮೇಲೆ ಯಾರು ಯಾರೆಂದು ಅಮ್ಮನಿಗೇ ಗೊತ್ತಿರಲಿಲ್ಲ. ಅಂದಾಜಿನ ಮೇಲೆ ಒಂದು ಕೈಗೆ ಮತ್ತೆ ಕಟ್ಟಿದಳು. ಎರಡು ಸಲ ಕುಡಿದವಳು ನೀನೇ ಇರಬಹುದು.

ಪಾಲಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಅಮ್ಮ ತೀರಿಕೊಂಡ ವಾರ ನೀನು ನಮ್ಮ ಬೇಕರಿಗೆ ಬಂದಿದ್ದೆ. ಮೈದಾ ಮೂಟೆಗಳ ಹಿಂದೆ ನಿಂತು, ಬಿಸಿ ಬನ್ನುಗಳನ್ನು ಒಂದಾದ ಮೇಲೊಂದು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನಾನು ನೋಡಿದೆ. ಯಾರೂ ಒಳಗೆ ಬರದ ಹಾಗೆ ಬಾಗಿಲಿಗೆ ಅಡ್ಡ ನಿಂತೆ, ಯಾರಿಗೂ ಹೇಳಲಿಲ್ಲ. ನಿನ್ನ ಮೈ ತೆಳ್ಳಗಿರುವುದು ಜೀನಿನಿಂದಲ್ಲ, ಹಸಿವಿನಿಂದ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಹಸಿವನ್ನು ತೆಗೆದುಕೊಂಡು ಹೋಗಿ ಮಗುವಿನ ಹೊಟ್ಟೆಗೆ ಇಟ್ಟೆಯಲ್ಲ, ಅದನ್ನು ನಾನು ಕ್ಷಮಿಸುವುದಿಲ್ಲ.

ಇನ್ನು ಸಂಜೆಯ ವಿಷಯ. ನಿನ್ನ ಕೇಂದ್ರದ ವಾರ್ಷಿಕೋತ್ಸವದ ಪದ್ಧತಿ ಈಗ ನನಗೆ ಬಾಯಿಪಾಠ. ಸದಸ್ಯರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ಆಳೆತ್ತರದ ತಮ್ಮ ಹಳೆಯ ಫೋಟೋ ಪಕ್ಕ ನಿಂತು ಚಪ್ಪಾಳೆ ತೆಗೆದುಕೊಳ್ಳುತ್ತಾರೆ. ಎಲ್ಲರಿಗಿಂತ ಕೊನೆಗೆ ನೀಲಿ ಕೋಟಿನ ಫೋಟೋ ತರುತ್ತಾರೆ, ನೀನು ಬಂದು ಅದರ ಪಕ್ಕ ನಿಲ್ಲುತ್ತೀಯ. ನಾನೂ ಈಗ ಸದಸ್ಯೆ. ಪ್ರವೇಶದ ಚೀಟಿ ಇದೆ. ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿ ಇಸ್ತ್ರಿ ಮಾಡಿದ್ದೇನೆ. ಫೋಟೋ ಬಂದ ಕೂಡಲೇ ವೇದಿಕೆಗೆ ಬರುತ್ತೇನೆ. ಕಿರುಚಾಡುವುದಿಲ್ಲ, ನಿನ್ನ ಮೇಲೆ ಕೈ ಮಾಡುವುದಿಲ್ಲ. ಎರಡು ವರದಿಗಳನ್ನು ಎರಡು ಕೈಯಲ್ಲಿ ಹಿಡಿದು ನಿನ್ನ ಪಕ್ಕ ನಿಲ್ಲುತ್ತೇನೆ. ನಮ್ಮಿಬ್ಬರ ಮುಖ ಒಟ್ಟಿಗೆ ನೋಡಿದ ಮೇಲೆ ಮಾತಿನ ಅಗತ್ಯ ಬೀಳುವುದಿಲ್ಲ.

ಇದು ಬೆದರಿಕೆಯಲ್ಲ, ಬೆದರಿಕೆಯಾದರೆ ಹೀಗೆ ಮಾಡಿದರೆ ಬಿಡುತ್ತೇನೆ ಎಂದು ಏನಾದರೂ ಕೇಳುತ್ತಿದ್ದೆ. ನಿನ್ನಿಂದ ನನಗೇನೂ ಬೇಡ. ನೀನು ಹಿಂಬಾಗಿಲಿನಿಂದ ಓಡಿಹೋದರೂ ನಾನು ಬಂದು ನಿಲ್ಲುತ್ತೇನೆ. ನೀನು ಹುಟ್ಟು ಓಟಗಾರ್ತಿ ಹೌದೋ ಅಲ್ಲವೋ ಅದೂ ತಿಳಿದಂತಾಗುತ್ತದೆ.

ಎಲ್ಲ ಮುಗಿದ ಮೇಲೆ, ಬಸ್ಸುಗಳಿಂದ ನಮ್ಮಿಬ್ಬರನ್ನೂ ಕಿತ್ತು ಹಾಕಿದ ಮೇಲೆ, ನಿನಗೆ ಹಸಿವಾಗುತ್ತದೆ. ಬೇಕರಿಗೆ ಬಾ. ಮೂಟೆಗಳ ಹಿಂದೆ ನಿಲ್ಲಬೇಡ. ಮರಿಯ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಅವಳು ನೋಡುವ ಹಾಗೆ ಹೊಟ್ಟೆ ತುಂಬ ತಿನ್ನು. ಅಲ್ಲಿಯವರೆಗೂ ನನ್ನ ಮನೆಯ ಬಾಗಿಲಿಗೆ ಬರಬೇಡ.

ಇಂತಿ,
ನಿನ್ನ ತಂಗಿ
(ಅಥವಾ ಅಕ್ಕ. ಅದು ಆ ದಾರಕ್ಕೇ ಗೊತ್ತು.)

ತಾ.ಕ.: ಆ ಫೋಟೋ ತೆಗೆದದ್ದು ಯಾವಾಗ ಎಂದು ನೀನು ಯಾರನ್ನೂ ಕೇಳಲಿಲ್ಲ. ನನ್ನ ಮದುವೆಯ ಸಿಟ್ಟಿಗೆ ನೀನು ಆ ವರ್ಷವೆಲ್ಲ ಮಾತು ಬಿಟ್ಟಿದ್ದೆ, ನಿನಗೆ ಗೊತ್ತಾಗುವ ದಾರಿಯೂ ಇರಲಿಲ್ಲ. ನನಗಾಗ ಏಳು ತಿಂಗಳು. ನನ್ನ ಕೋಟಿಗೆ ಗುಂಡಿ ಹಾಕಲಾಗದೆ ಅಮ್ಮನ ನೀಲಿ ಕೋಟು ತೊಟ್ಟಿದ್ದೆ. ಫೋಟೋ ಎಂದರೆ ನಾಚಿಕೆಯಾಗಿ ಹೊಟ್ಟೆಗೆ ಕೈಚೀಲ ಅಡ್ಡ ಹಿಡಿದಿದ್ದೆ. ನಿನ್ನೆ ಮರಿಗೆ ಇದನ್ನು ಹೇಳಿದೆ. ಅವಳು ಜಾಹೀರಾತಿನ ಹಾಳೆ ತೆಗೆದುಕೊಂಡು, ಚೀಲದ ಮೇಲೆ ಬೆರಳಿಟ್ಟು, “ಇಲ್ಲಿ ನಾನಿದ್ದೀನಾ?” ಎಂದಳು. ಹೂಂ ಎಂದೆ. ಎಷ್ಟೋ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ತಾನಾಗಿಯೇ ಬ್ರೆಡ್ ಕೇಳಿದಳು. ಅರ್ಧ ತುಂಡು ತಿಂದಳು, ಮುರಿದ ಹಲ್ಲಿಗೆ ತಾಗದಂತೆ ಪಕ್ಕದಲ್ಲಿ ಅಗಿದು. ತಿಂದು ಮುಗಿಸಿ, ನಾನೂ ವೇದಿಕೆಗೆ ಬರುತ್ತೇನೆ, ನಾನೂ ಆ ಫೋಟೋದಲ್ಲಿದ್ದೇನಲ್ಲ ಎಂದಳು. ಮೂರನೆಯ ಸಾಲಿನಲ್ಲಿ ನಮ್ಮವು ಎರಡು ಕುರ್ಚಿ.