ಕೆಂಪು ಗೆರೆಯ ಮೇಲಿನ ಮನೆ

ನ್ಜೋಯಾ ನದಿ ದಂಡೆ, ಬುಡಲಂಗಿ
ಜೂನ್ ೯, ಭಾನುವಾರ

ಪ್ರೀತಿಯ ಸಿರೆಂಗೋ ಅಣ್ಣಾ,

ಮೊಂಬಾಸಾದ ಬಿಸಿಲಲ್ಲಿ ಗಾರೆ ಕೆಲಸ ಮಾಡಿ ನಿನ್ನ ಸೊಂಟನೋವು ಹೆಚ್ಚಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಇಲ್ಲಿ ನಾವೆಲ್ಲ ಬದುಕಿದ್ದೇವೆ. ಹೀಗೆಂದು ಬರೆಯಲು ಸಾಧ್ಯವಾದದ್ದು ನಿನ್ನಿಂದ.

ಹೋದ ವರ್ಷ ನಮ್ಮ ಮನೆ ರಿಪೇರಿಯಲ್ಲಿ ನಡೆದದ್ದನ್ನು ನಾನು ಮರೆತಿಲ್ಲ. ಕಟ್ಟಡ ನೋಡುವ ಅಧಿಕಾರಿ ನಂಜಾಲ ಮೇಡಂ ಹಳೇ ಗೋಡೆಯ ಮೇಲೆ, ಹಿಂದಿನ ನೆರೆಯ ಗುರುತಿಗಿಂತ ಎರಡು ಅಡಿ ಎತ್ತರಕ್ಕೆ ಕೆಂಪು ಗೆರೆ ಎಳೆದು, "ಅರ್ಧಕ್ಕಿಂತ ಜಾಸ್ತಿ ಹೊಸದಾಗಿ ಕಟ್ತಿದ್ದೀರಮ್ಮ, ಹೊಸ ಮನೆ ನಿಯಮಾನೇ ನಿಮ್ಗೂ. ನೆಲ ಇಲ್ಲಿಗೇ ಬರ್ಬೇಕು" ಎಂದಿದ್ದಳು. ಅವಳು ಹೋದಮೇಲೆ ಯಾರು ನೋಡುತ್ತಾರೆಂದು ನಾನು ಕೆಳಗಿನ ಹಳೇ ನೆಲದಿಂದಲೇ ಗೋಡೆ ಎಬ್ಬಿಸಿದೆ. ನೀನು ಬಂದವನೇ ಹಾರೆ ತೆಗೆದುಕೊಂಡು ಅದನ್ನು ಕೆಡವಿಬಿಟ್ಟೆ. "ನಿನ್ನ ಮುಖ ನೋಡಿ ನೀರು ಹಿಂದಕ್ಕೆ ಹೋಗಲ್ಲ ಕಣೇ" ಎಂದು ನನಗೆ ಹೇಳಿದೆ. ನಾನು ಊರಿಗೆಲ್ಲ ಕೇಳುವಂತೆ, "ನೀನು ನಂಗೆ ಅಣ್ಣನೋ, ಆ ಮೇಡಂಗೆ ಅಣ್ಣನೋ?" ಎಂದು ಕೂಗಾಡಿದೆ. ನೀನು ಎತ್ತರದ ಅಡಿಪಾಯ ಮುಗಿಸಿ, ನಾನು ಮಾಡಿಟ್ಟ ಉಗಾಲಿ ಮುದ್ದೆ ಮುಟ್ಟದೆ ಹೊರಟುಹೋದೆ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನದಿಯ ಒಡ್ಡು ಒಡೆಯಿತು. ಗಂಡ ಮೀನು ಹಿಡಿಯಲು ಸರೋವರಕ್ಕೆ ಹೋಗಿದ್ದ. ಹಾಸಿಗೆ ಹಿಡಿದ ಅತ್ತೆಯನ್ನು ಎತ್ತಿಕೊಂಡು ಓಡುವ ಶಕ್ತಿ ನನಗೆಲ್ಲಿ? ಬಾಗಿಲಲ್ಲಿ ಕೂತು, ನೀರು ಒಂದೊಂದೇ ಮೆಟ್ಟಿಲು ನುಂಗುವುದನ್ನು ನೋಡಿದೆ. ಹೊಸ್ತಿಲಿಗೆ ಇನ್ನೊಂದು ಗೇಣು ಇರುವಾಗ ನಿಂತಿತು, ಅಣ್ಣಾ. "ಹತ್ತಿ ಹತ್ತಿ ಗೂಡು ಸೇರೋಕೆ ನೀವೇನು ಕೋಳಿಗಳಾ?" ಎಂದು ನಮ್ಮ ಮೆಟ್ಟಿಲು ನೋಡಿ ನಗುತ್ತಿದ್ದ ಪಕ್ಕದ ಮನೆಯ ಔಮಾ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಎದೆಮಟ್ಟದ ನೀರಲ್ಲಿ ಬಂದಳು. "ಜಾಗ ಇದ್ಯೇನೇ?" ಎಂದಳು. "ಕೋಳಿಗಳ ಜೊತೆ ಇರ್ತೀಯಾದ್ರೆ ಬಾ" ಎಂದೆ. ಇಬ್ಬರೂ ಅಳುತ್ತಲೇ ನಕ್ಕೆವು. ಆಮೇಲೆ ಬಂದ ಅಕ್ಕಪಕ್ಕದವರೂ ಸೇರಿ, ನೀನು ಕಟ್ಟಿದ ಆ ನೆಲದ ಮೇಲೆ ಹನ್ನೊಂದು ಜನ ನಾಲ್ಕು ದಿನ ಕಳೆದೆವು. ಒಬ್ಬರಿಗೂ ಏನೂ ಆಗಲಿಲ್ಲ.

ಅಂದು ಆಡಿದ ಮಾತಿಗೆ ಕ್ಷಮಿಸು. ನಿನ್ನ ಹೆಸರು ಹೇಳಿ ದಿನಾ ದೇವರಿಗೆ ಕೈ ಮುಗಿಯುತ್ತೇನೆ. ಅತ್ತೆಯೂ ಮಲಗಿದಲ್ಲಿಂದಲೇ ನಿನ್ನನ್ನು ಹರಸುತ್ತಿದ್ದಾಳೆ.

ನಿನ್ನ ಬಾಯಿಬಡುಕಿ ತಂಗಿ,
ಟಬಿತಾ

ಮರೆತಿದ್ದೆ: ಹೊಸ ಮನೆಗಳ ಗೆರೆ ನೋಡಲು ಊರ ಹೆಂಗಸರು ನನ್ನನ್ನೇ ಆರಿಸಿದ್ದಾರೆ. ಮೊದಲ ಮನೆ ನಮ್ಮ ಸೋದರಮಾವ ಮಕೋಖನದು. ಗೆರೆಗಿಂತ ಕೆಳಗೇ ಕಟ್ಟುತ್ತಿದ್ದಾನೆ. ತಿಂಗಳ ಕೊನೆಗೆ ನಾನು ಹೋಗಿ ಅದನ್ನು ಕೆಡವಿಸಬೇಕು. ನನ್ನನ್ನು ಎತ್ತಿ ಆಡಿಸಿದವನು. ಅವನು ಬೈಯುವಾಗ ಅಳದೆ ನಿಲ್ಲುವುದು ಹೇಗೆ, ಅಣ್ಣಾ? ಅಷ್ಟನ್ನು ಬೇಗ ಬರೆದು ಕಳಿಸು.