ಅಳಿಯನ ಬೆನ್ನು

ಔರಾದದ ಬೀಗತಿ ಈರಮ್ಮನವರಿಗೆ ಭಾಲ್ಕಿಯ ಅನುಸೂಯಾಬಾಯಿಯ ಶರಣು.

ತೊನ್ನು ಎಂದು ನನ್ನ ಮಗಳು ಕಾಶಮ್ಮನನ್ನು ತವರಿಗೆ ಕಳಿಸಿ, ಮಗನಿಗೆ ಬೇರೆ ಹೆಣ್ಣು ನೋಡುತ್ತಿದ್ದೀರಿ. ಬೀದರಿನ ಡಾಕ್ಟರರು ಅವಳ ಕುತ್ತಿಗೆಯ ಬಿಳಿ ಮಚ್ಚೆಯ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು: “ತೊನ್ನಲ್ಲರಿ ಬಾಯಿ, ಚಿಬ್ಬು. ಬೆವರಿನಾಗ ಬೆಳಿಯೋ ಬೂಷ್ಟು. ಎಣ್ಣಿ ಹಚ್ಚಿದಷ್ಟೂ ಹೆಚ್ಚಾಗ್ತದ.” ಗಂಧಕದ ಮುಲಾಮು ಕೊಟ್ಟಿದ್ದಾರೆ. ನೀವು ದಿನಾ ಹಚ್ಚಿಸಿದ್ದು ಎಣ್ಣೆಯನ್ನೇ.

ನಿನ್ನೆ ಅಳಿಯ ಹಾವಗೆಪ್ಪ ಅವಳ ಪೆಟ್ಟಿಗೆ ಮರಳಿಸಲು ಬಂದರು. ಲಿಂಗಪೂಜೆಗೆ ಅಂಗಿ ತೆಗೆದು ಕೂತಾಗ ನೋಡಿದೆ, ಬೆನ್ನ ತುಂಬ ಅವೇ ಮಚ್ಚೆಗಳು. ಕೇಳಿದರೆ, “ಲಗ್ನಕ್ಕಿಂತ ಮೊದಲಿಂದ ಅದರಿ ಅತ್ತಿ, ಅವ್ವಗ ಗೊತ್ತದ” ಎಂದರು.

ಕಾಶಮ್ಮನೇ ಅವರ ಬೆನ್ನಿಗೆ ಮುಲಾಮು ಹಚ್ಚಿದಳು. ಪೆಟ್ಟಿಗೆ ಬಿಚ್ಚಿಲ್ಲ. ಸೊಸೆಯನ್ನು ಕರೆದೊಯ್ಯಲು ಗಾಡಿ ಹೂಡಿಸಿಕೊಂಡು ನೀವೇ ಬನ್ನಿ.

ಅನುಸೂಯಾಬಾಯಿ