ಒರೆಸಿದರೂ ಹೋಗದ ಮಬ್ಬು

ಮಾರ್ಚ್ ೧೪, ಗುರುವಾರ
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ಗಾಲಿಗೆ,

'ಒಳಗಿನದು ಒಳಗಿರಲಿ, ಹೊರಗಿನದು ಹೊರಗೆ.' ಈ ಸಾಲು ಎಲ್ಲಿಯದು, ನಿನಗೇನಾದರೂ ನೆನಪಿದೆಯಾ? ಸೋದರತ್ತೆ ಹೇಳುತ್ತಿದ್ದಳೋ, ನಾನೇ ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದ್ದೋ ತಿಳಿಯದು. ಇದಾದ ಮೇಲೆ ಇನ್ನೊಂದು ಸಾಲಿತ್ತು, ಅದು ಪೂರ್ತಿ ಅಳಿಸಿಹೋಗಿದೆ. ಚಿಕ್ಕವಳಿದ್ದಾಗ ಇದು ಬಹಳ ತೂಕದ ಮಾತು ಅನ್ನಿಸುತ್ತಿತ್ತು. ಈಗ ಅನುಮಾನ. ಒಳಗಿನದು ಒಳಗೇ, ಹೊರಗಿನದು ಹೊರಗೇ ಉಳಿದುಬಿಟ್ಟರೆ ಒಂದು ಜೀವಕೋಶ ಹೆಚ್ಚು ಹೊತ್ತು ಬದುಕಲಾರದು. ಬರೆದವರಿಗೆ ಜೀವಶಾಸ್ತ್ರ ಬರುತ್ತಿರಲಿಲ್ಲ, ಇಲ್ಲವೇ ನಾನು ಮರೆತ ಆ ಎರಡನೆಯ ಸಾಲಿನಲ್ಲಿ ಎಲ್ಲವನ್ನೂ ಸರಿಮಾಡಿದ್ದರು.

ಇರಲಿ. ನಾನು ಕ್ಷೇಮ. ನೀನು, ನಿನ್ನ ಗಂಡ, ಮಗಳು ಹೇಗಿದ್ದೀರಿ? ನಿನ್ನ ಪತ್ರ ಬಂದು ತಿಂಗಳಾಯಿತು, ಆದರೆ ಓದಿದ್ದು ನಿನ್ನೆ. ತಡವಾದದ್ದಕ್ಕೆ ಬೈಯಬೇಡ. ಕಣ್ಣಿನ ಆಪರೇಷನ್ ಆದ ಮೇಲೆ ಡಾಕ್ಟರಮ್ಮ ಓದಲು, ಬರೆಯಲು, ಬಗ್ಗಲು ಬಿಟ್ಟಿರಲಿಲ್ಲ. ಎದುರುಮನೆ ಟೈಲರಮ್ಮ "ಕೊಡಿ, ನಾನು ಓದಿ ಹೇಳ್ತೀನಿ" ಅಂದಳು. ನಿನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಲು ಮನಸ್ಸಾಗಲಿಲ್ಲ. ಲಕೋಟೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಕಾದೆ. ಓದಿದ ಕೂಡಲೇ ಫೋನ್ ಮಾಡಿದೆನಲ್ಲ, ಏನಾಯಿತೆಂದು ನಿನಗೇ ಗೊತ್ತು. "ಆಪರೇಷನ್ ಅಂತ ಒಂದ್ ಮಾತು ಹೇಳ್ಬಾರ್ದಾ?" ಎಂದು ನೀನು ಜಗಳ ತೆಗೆದೆ. ನಾನು ನಿನ್ನ ಕಣ್ಣಿನ ಮಾತು ಎತ್ತಿದರೆ "ಸರಿ ಸರಿ, ಟ್ರಿಪ್ ಇದೆ, ಇಡ್ಲಾ" ಅಂದೆ. ಫೋನನ್ನು ಇಡಬಹುದು. ಪತ್ರ ಹಾಗಲ್ಲ. ನೀನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದರೂ ಅಲ್ಲೇ ಬಿದ್ದಿರುತ್ತದೆ.

ನೀನು ಬರೆದದ್ದನ್ನು ಮತ್ತೆ ಓದಿದೆ. ಬೆಳಗಿನ ಮೊದಲ ಟ್ರಿಪ್‌ನಲ್ಲಿ ನೀನು ಓಡಿಸುವ ಬಸ್ಸಿನ ಮುಂದಿನ ಗಾಜು ಎಷ್ಟು ಒರೆಸಿದರೂ ಮಬ್ಬಾಗಿರುತ್ತದೆ. ಒಳಗಿಂದ ಒರೆಸಿದೆ, ಹೊರಗಿಂದ ಒರೆಸಿದೆ, ಡಿಪೋದ ಮೆಕ್ಯಾನಿಕ್ ಜೊತೆ ಜಗಳವಾಡಿ ಗಾಜನ್ನೇ ಬದಲಾಯಿಸಿದೆ. "ಅಕ್ಕಾ, ನಿಮ್ಮನ್ನ ಕಂಡ್ರೆ ಹೊಸ ಗಾಜೂ ಬೆವರುತ್ತೆ" ಅಂದನಂತೆ ಅವನು. ಮಧ್ಯಾಹ್ನದ ಹೊತ್ತಿಗೆ ಅದೇ ಗಾಜು ತಾನಾಗಿ ತಿಳಿಯಾಗುತ್ತದೆ. ನೀನು ನಗಿಸಲೆಂದು ಬರೆದೆ. ನಾನು ಓದುತ್ತಲೇ ಫೋನಿಗೆ ಕೈಹಾಕಿದ್ದು ಇದಕ್ಕೇ.

ಆ ಮಬ್ಬು ಗಾಜಿನದಲ್ಲ, ಗಾಲಿ. ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ನೀನು ನಿನ್ನ ಕಣ್ಣೊಳಗಿನ ಮಂಜಿನಲ್ಲಿ ಹೋಗುತ್ತಿದ್ದೀಯ. ನನಗೆ ಹೇಗೆ ಗೊತ್ತು ಅಂದರೆ, ನಾನೂ ಎರಡು ವರ್ಷ ಕನ್ನಡಕ ಒರೆಸಿದವಳೇ. ಕಾಲೇಜಿನಲ್ಲಿ ಮೊದಲ ಪೀರಿಯಡ್‌ಗೆ ಹೋದರೆ ಹಿಂದಿನ ಬೆಂಚಿನ ಹುಡುಗಿಯರೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತಿದ್ದರು. ಸಂಜೆ ಕವನದ ಪುಸ್ತಕ ಹಿಡಿದರೆ ಅಕ್ಷರ ಅಕ್ಷರವೂ ಸ್ಪಷ್ಟ. ಹೀಗಿದ್ದ ಮೇಲೆ ರೋಗ ಅಂತ ಯಾರಿಗೆ ತೋಚುತ್ತದೆ?

ಕಡೆಗೆ ಕಣ್ಣಿನ ಡಾಕ್ಟರಮ್ಮ ಪರೀಕ್ಷೆ ಮಾಡಿ ಕೇಳಿದರು, "ನೀವು ಏನ್ ಪಾಠ ಮಾಡ್ತೀರಿ?"

"ಜೀವಶಾಸ್ತ್ರ. ಈ ವಾರ ಕೋಶದ ಪೊರೆ ನಡೀತಿದೆ."

"ಹಾಗಾದ್ರೆ ನನ್ನ ಕೆಲಸ ಹಗುರ" ಅಂದರು.

ನಾನು ಆ ಪಾಠವನ್ನು ಹೇಗೆ ಮಾಡುತ್ತೇನೆ ಗೊತ್ತಾ? ಹುಡುಗಿಯರನ್ನು ಕಾರಿಡಾರಿನಲ್ಲಿ ಎರಡು ಸಾಲು ನಿಲ್ಲಿಸುತ್ತೇನೆ, ಬೆನ್ನಿಗೆ ಬೆನ್ನು, ಮುಖ ಹೊರಗೆ. ಪೊರೆ ಎಂದರೆ ಇಷ್ಟೇ, ಕೊಬ್ಬಿನ ಕಣಗಳ ಎರಡು ಸಾಲು. ಒಂದೊಂದು ಕಣದ ತಲೆಗೆ ನೀರೆಂದರೆ ಪ್ರೀತಿ, ಬಾಲಕ್ಕೆ ನೀರೆಂದರೆ ಆಗದು. ಹಾಗಾಗಿ ತಲೆಗಳು ಎರಡೂ ಕಡೆಯ ನೀರಿನತ್ತ, ಬಾಲಗಳು ನಡುವೆ ಅಡಗಿಕೊಂಡು. ಗೋಡೆಯ ಇಟ್ಟಿಗೆಯಂತೆ ಗಟ್ಟಿಯೂ ಅಲ್ಲ. ಸಂತೆಯ ಜನರ ಹಾಗೆ ಪಕ್ಕಪಕ್ಕಕ್ಕೆ ಸರಿಯುತ್ತ, ಜಾರುತ್ತ ಇರುತ್ತವೆ. ಗಾಳಿಯ ಆಮ್ಲಜನಕದಂಥ ಚಿಕ್ಕದು ಯಾರನ್ನೂ ಕೇಳದೆ ನುಸುಳಿ ಹೋಗುತ್ತದೆ. ಸಕ್ಕರೆಗೆ ಕೈಹಿಡಿದು ದಾಟಿಸುವವರು ಬೇಕು. ಉಪ್ಪಿನ ಕಣವನ್ನು ಅದು ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ತಳ್ಳಬೇಕಾದರೆ ಪಂಪು ಬೇಕು, ಪಂಪಿಗೆ ಶಕ್ತಿ ಬೇಕು. ಉಪ್ಪು ಹೋದ ಕಡೆಗೆ ನೀರು ಹಿಂಬಾಲಿಸುತ್ತದೆ, ಅಮ್ಮನ ಸೆರಗು ಹಿಡಿದ ಮಗುವಿನಂತೆ.

ಈ ಸಲ ಪಂಪಾಗಿ ನಿಂತವಳು ಸ್ವಲ್ಪ ಬಾಯಾಳಿ. "ಟೀಚರ್, ಈ ಪಂಪಿಗೆ ಭಾನುವಾರ ಇಲ್ವಾ?" ಅಂದಳು.

"ಇಲ್ಲ."

"ರಜೆ ಹಾಕಿದ್ರೆ?"

"ನೀರು ನುಗ್ಗುತ್ತೆ, ಕೋಶ ಊದಿಕೊಳ್ಳುತ್ತೆ."

"ಹಾಗಾದ್ರೆ ನಮ್ಮಮ್ಮನೇ ಪಂಪು" ಅಂದಳು. ಸಾಲು ಮುರಿದು ಎಲ್ಲರೂ ನಕ್ಕರು.

ಡಾಕ್ಟರಮ್ಮ ಹೇಳಿದ್ದೂ ಅದನ್ನೇ. ಕಣ್ಣಿನ ಮುಂಭಾಗದ, ಕಾರ್ನಿಯಾ ಎನ್ನುವ ತಿಳಿಗಾಜಿನ ಒಳಮೈಯಲ್ಲಿ ಒಂದೇ ಒಂದು ಪದರ ಜೀವಕೋಶಗಳಿವೆ. ಕಣ್ಣೊಳಗಿನ ನೀರು ಆ ಗಾಜಿಗೆ ಸದಾ ಇಳಿಯುತ್ತಿರುತ್ತದೆ. ಈ ಕೋಶಗಳು ತಮ್ಮ ಪೊರೆಯ ಪಂಪುಗಳಿಂದ ಅದನ್ನು ಎತ್ತಿ ಎತ್ತಿ ವಾಪಸು ಹಾಕುತ್ತಿರುತ್ತವೆ. ಗಾಜು ತಿಳಿಯಾಗಿರುವುದು ಅದರಿಂದಲೇ. ನೋಡು, ನಾವು 'ಕಾಣುತ್ತದೆ' ಎಂದು ಸುಲಭವಾಗಿ ಅನ್ನುವುದರ ಹಿಂದೆ ಎಷ್ಟು ಬಿಂದಿಗೆ ಹೊರುವ ಕೆಲಸವಿದೆ. ನಮ್ಮಂಥವರಲ್ಲಿ ಆ ಕೋಶಗಳು ಬೇಗ ಸಾಯುತ್ತವೆ, ಸತ್ತದ್ದರ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಮಲಗಿದಾಗ ರೆಪ್ಪೆ ಮುಚ್ಚಿರುತ್ತದೆ, ನೀರು ಆರುವುದಿಲ್ಲ, ಗಾಜು ಊದಿ ಬೆಳಿಗ್ಗೆ ಮಬ್ಬು. ಎದ್ದು ಓಡಾಡಿದರೆ ಗಾಳಿಗೆ ಆರಿ, ಮಧ್ಯಾಹ್ನಕ್ಕೆ ತಿಳಿ.

ಮೊದಲು ಉಪ್ಪಿನ ಹನಿ ಕೊಟ್ಟರು. ಕಣ್ಣಿಗೆ ಉಪ್ಪು ಬಿದ್ದರೆ ಏನಾಗಬೇಕೋ ಅದೇ ಆಯಿತು, ಆದರೆ ಉಪ್ಪು ನೀರನ್ನು ಹೊರಗೆಳೆಯುತ್ತದೆ. ಜೊತೆಗೆ, ಏಳುತ್ತಲೇ ಕೂದಲು ಒಣಗಿಸುವ ಯಂತ್ರವನ್ನು ತೋಳಿನಷ್ಟು ದೂರ ಹಿಡಿದು ಕಣ್ಣಿಗೆ ಬೆಚ್ಚನೆ ಗಾಳಿ ಬಿಟ್ಟುಕೊಳ್ಳಬೇಕು. ಅದರ ಸದ್ದು ಎದುರುಮನೆಗೆ ಹೋಗುತ್ತಿತ್ತು. "ಹಲ್ಲುಜ್ಜೋಕ್ ಮುಂಚೆ ಇಷ್ಟೊಂದು ಅಲಂಕಾರ ಯಾರಿಗೋಸ್ಕರ ಟೀಚರಮ್ಮ?" ಎಂದು ಟೈಲರಮ್ಮ ಕಿಟಕಿಯಿಂದಲೇ ಕೇಳುತ್ತಿದ್ದಳು.

"ನಿಮ್ಮ ಮುಖ ನೋಡೋಕೆ" ಅಂದೆ. ನಿಜವನ್ನೇ ಹೇಳಿದ್ದೆ. ಅವಳು ಒಂದು ವಾರ ನಾಚಿಕೊಂಡು ಓಡಾಡಿದಳು.

ಬಲಗಣ್ಣಿಗೆ ಅದೂ ಸಾಲದಾದಾಗ ಆಪರೇಷನ್. ಹೆದರಬೇಡ, ಹೇಳುತ್ತೇನೆ ಕೇಳು. ಸತ್ತುಹೋದ ಯಾರೋ ಒಬ್ಬರ ಕಣ್ಣಿನಿಂದ ಆ ಒಂದು ಪದರವನ್ನು ಬಿಡಿಸಿಕೊಳ್ಳುತ್ತಾರೆ. ಕೂದಲಿಗಿಂತ ತೆಳು, ಬಿಟ್ಟರೆ ತಾನೇ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದಂತೆ. ಅದನ್ನು ನನ್ನ ಕಣ್ಣೊಳಗೆ ಬಿಟ್ಟು, ಮೆಲ್ಲಗೆ ಬಿಡಿಸಿ, ಕೆಳಗಿನಿಂದ ಒಂದು ಗಾಳಿಗುಳ್ಳೆ ಇಟ್ಟು ಮೇಲಕ್ಕೆ ಒತ್ತಿದರು. ಆ ಗುಳ್ಳೆ ಸರಿಯದಂತೆ ಚಾವಣಿ ನೋಡುತ್ತ ಅಂಗಾತ ಮಲಗಿರಬೇಕು. ಟೈಲರಮ್ಮ ಹೊಲಿಗೆ ಮೆಷಿನ್ನನ್ನೇ ನನ್ನ ಕೋಣೆಗೆ ತಂದಿಟ್ಟುಕೊಂಡು ಕಾವಲು ಕೂತಳು. ನಾನು ಮಗ್ಗುಲು ತಿರುಗಿದರೆ ಅಳತೆ ಕಡ್ಡಿಯಿಂದ ಮಂಚ ಕುಟ್ಟುತ್ತಿದ್ದಳು.

ಅಲ್ಲಿ ಮಲಗಿ ಒಂದೇ ಯೋಚನೆ. ಯಾರವು ಈ ಕೋಶಗಳು? ಗಂಡಸಿನದೋ, ಹೆಂಗಸಿನದೋ, ಜಗಳಗಂಟರದೋ? ನನ್ನ ಭಾಷೆ ಬಲ್ಲವರೋ? ಕೋಶಕ್ಕೆ ಅದೇನೂ ಬೇಡ. ಹೊಸ ಮನೆಗೆ ಬಂದವು, ತೋಳೇರಿಸಿ ನೀರೆತ್ತಲು ನಿಂತವು. ಮೊದಲು ಎಲ್ಲವೂ ಮಂಜು. ಗುಳ್ಳೆ ಕರಗಿದ ಮೇಲೆ, ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಚಾವಣಿಯ ಮೂಲೆಯ ಜೇಡರ ಬಲೆಯ ಎಳೆ ಎಳೆಯೂ ಕಾಣಿಸಿತು. ಗಾಲಿ, ನನ್ನ ಮನೆ ಅಷ್ಟು ಕೊಳಕಾಗಿದೆ ಎಂದು ಗೊತ್ತಾಗಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಇದು ರಕ್ತದಲ್ಲಿ ಬರುವ ಕಾಯಿಲೆ. ಅಮ್ಮನಿಗೆ ಇತ್ತು, ಈಗ ನನಗೆ ಖಾತ್ರಿ. ಆಗಿನ ಡಾಕ್ಟರು ವಯಸ್ಸಾಯಿತು ಅಂದರು, ಅವಳು ಸುಮ್ಮನಾದಳು. ಬೆಳಿಗ್ಗೆ ನಾವು ಏನು ಕೇಳಿದರೂ ಮುಖ ಎತ್ತದೆ ಉತ್ತರ ಕೊಡುತ್ತಿದ್ದಳಲ್ಲ, ಸಂಜೆಯಾದರೆ ತಾನೇ ಸೂಜಿಗೆ ದಾರ ಪೋಣಿಸಿ ನಗುತ್ತಿದ್ದಳಲ್ಲ. ನಾವು ಅದನ್ನು ಸಿಡುಕು ಅಂದುಕೊಂಡೆವು. ನಿನ್ನೆ ಫೋನಿನಲ್ಲಿ ನಾನು ಇದನ್ನು ಶುರುಮಾಡಿದ್ದಷ್ಟೇ. ನೀನು ಅಂದೆ, "ಅಮ್ಮಂದು ಏನೂ ನಂಗೆ ಬಂದಿಲ್ಲ ಬಿಡು. ಕಣ್ಣೆತ್ತಿ ನೋಡೋ ಒಂದು ನೋಟಾನೂ ಬಂದಿಲ್ಲ." ಆಮೇಲೆ ಇಟ್ಟುಬಿಟ್ಟೆ.

ನಿನ್ನ ಭಯ ನನಗೆ ಅರ್ಥವಾಗುತ್ತದೆ. ಕಣ್ಣು ಅಂದರೆ ಲೈಸೆನ್ಸು, ಲೈಸೆನ್ಸು ಅಂದರೆ ನೀನು. ಡಾಕ್ಟರಮ್ಮನನ್ನು ಕೇಳಿದೆ. "ಶುರುವಿನಲ್ಲಿ ಬಂದ್ರೆ ಹನಿಯಲ್ಲೇ ಬಹಳ ಕಾಲ ತಳ್ಳಬಹುದು. ಮುಂದೆ ಬೇಕಾದ್ರೆ ನಿಮಗೆ ಮಾಡಿದ ಹಾಗೇ ಮಾಡೋಣ. ಆದ್ರೆ ಪರೀಕ್ಷೆ ಆಗೋ ತನಕ ಬೆಳಗಿನ ಬಸ್ಸು ಮುಟ್ಟಬಾರ್ದು" ಅಂದರು. ಆದ್ದರಿಂದ ಇದು ಕೈಸೇರಿದ ದಿನವೇ ಡಿಪೋದಲ್ಲಿ ಮೊದಲ ಟ್ರಿಪ್ ಬೇರೆಯವರಿಗೆ ಕೊಡಲು ಹೇಳು, ಕಾರಣವನ್ನೂ ಹೇಳು. ಆಮೇಲೆ ಇಲ್ಲಿಗೆ ಬಾ, ಪ್ರಯಾಣಿಕಳಾಗಿ, ಕಿಟಕಿಯ ಪಕ್ಕ ಕೂತು. ಇಬ್ಬರೂ ಒಟ್ಟಿಗೆ ಹೋಗೋಣ. ನನ್ನ ಎಡಗಣ್ಣಿನ ಸರದಿ ಇನ್ನೂ ಇದೆ, ಮಂಚ ಕುಟ್ಟಲು ನನಗೂ ಒಬ್ಬ ತಂಗಿ ಬೇಕು.

ನಿನ್ನ ಬೆಳಗುಗಳು ತಿಳಿಯಾಗಲಿ. ಮಗಳ ತಲೆ ನೇವರಿಸಿದ್ದೇನೆಂದು ಹೇಳು. ನಿನ್ನ ಗಂಡನಿಗೆ ನನ್ನ ನೆನಪು.

ನಿನ್ನವಳೇ ಆದ,
ಅಕ್ಕ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನೀನು ಡ್ರೈವರ್ ಕೆಲಸಕ್ಕೆಂದು ಮನೆ ಬಿಟ್ಟ ಬೆಳಿಗ್ಗೆ ನಾನು ಹಾಸ್ಟೆಲಿನಲ್ಲಿದ್ದೆ. ಅಮ್ಮನಿಗೆ ಆ ಕೆಲಸ ಬೇಡವಾಗಿತ್ತು, ನಿಮ್ಮಿಬ್ಬರ ಮಾತು ನಿಂತಿತ್ತು. ಎಷ್ಟೋ ವರ್ಷಗಳ ಮೇಲೆ ಒಂದೇ ಒಂದು ಸಲ ನೀನು ಹೇಳಿದ್ದೆ: "ಮೂಲೆ ತನಕ ತಿರುಗಿ ತಿರುಗಿ ಕೈ ಬೀಸ್ದೆ ಅಕ್ಕಾ. ಬಾಗಿಲಲ್ಲೇ ನಿಂತಿದ್ಲು, ಕೈ ಎತ್ತಲಿಲ್ಲ. ಮುಖಾನೂ ಆ ಕಡೆ." ಅವಳು ತೀರಿಹೋಗುವ ತನಕ ನೀನು ಈ ಮನೆಗೆ ನೆಂಟರ ಹಾಗೆ ಬಂದು ಹೋದೆ.

ಈಗ ತಾನೇ ಟೈಲರಮ್ಮ ಪರದೆ ಹೊಲಿದು ತಂದಳು. ಇದನ್ನು ಹೇಳಿದೆ, ಅಮ್ಮನಿಗೂ ಬೆಳಿಗ್ಗೆ ಕಾಣುತ್ತಿರಲಿಲ್ಲ ಎಂದೆ. ಅವಳು ಬಾಗಿಲಿಗೆ ಹೋಗಿ ಬೀದಿಯ ಎರಡೂ ತುದಿ ನೋಡಿದಳು. ಆಮೇಲೆ ಅಂದಳು:

"ಅದಕ್ಕೇನಾ ಹಾಗೆ? ಆವತ್ತು ನಾನು ಎದುರಿಗೆ ಮೆಷಿನ್ ಮುಂದೆ ಕೂತಿದ್ದೆ ಟೀಚರಮ್ಮ. ಗಾಲಿ ಬಲಗಡೆ ಮೂಲೆ ತಿರುಗಿ ಹೋಗಾಗಿತ್ತು. ಎಡಗಡೆ ಹಾಲಿನ ಗಾಡಿ ಸ್ಟಾರ್ಟ್ ಆಯ್ತು. ಆ ಸದ್ದಿಗೆ ನಿಮ್ಮಮ್ಮ ಕೈ ಎತ್ತಿದವ್ರು, ಗಾಡಿ ಹೋಗೋ ತನಕ ಇಳಿಸಲೇ ಇಲ್ಲ. ಹಾಲಿನವನು ಪಾಪ, ಏನೋ ಅಂತ ಅವನೂ ಬೀಸ್ದ. 'ನೋಡ್ದ್ಯಾ, ತಿರುಗಿ ಕೈ ಬೀಸಿದ್ಲು, ನನ್ ಮಗಳಿಗೆ ನನ್ ಮೇಲೆ ಕೋಪ ಇಲ್ಲ' ಅಂದ್ಕೊಂಡು ಕಣ್ಣೊರೆಸ್ಕೊಂಡು ಒಳಗೆ ಹೋದ್ರು."